ನೀರು ಮುಟ್ಟಿಸದ ಬೆಕ್ಕು

ಬೆಕ್ಕಿಗೆ ಸ್ನಾನ ಮಾಡಿಸುವವರ ಸುದ್ದಿ ಎತ್ತಿದರೆ ಸಾಕು, ಅಕ್ಕನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತುತ್ತಿತ್ತು. ಹಾಗೆ ನೋಡಿದರೆ ಅವಳಿಗೆ ಉರಿ ಹತ್ತಿಸದ ಸಂಗತಿಗಳು ಈ ಲೋಕದಲ್ಲಿ ಬಹಳವೇನೂ ಇರಲಿಲ್ಲ. ಕೋಟಿನ ಜೇಬಿನಲ್ಲಿ ಕರಗಿದ ಚಾಕಲೇಟು ಬಿಟ್ಟು ತಂದವನ ಮೇಲೆ ಸಿಟ್ಟು. "ಇವತ್ತೇ ಬೇಕು" ಅಂದವನ ಮೇಲೆ ಸಿಟ್ಟು. "ನಿಧಾನವಾಗಿ ಕೊಡಿ, ಅವಸರ ಇಲ್ಲ" ಅಂದವನ ಮೇಲೆ ಇನ್ನೂ ಸಿಟ್ಟು. "ಅವಸರ ಇಲ್ದಿದ್ರೆ ಮನೇಲೇ ಇಟ್ಕೋಬೇಕಿತ್ತು. ಇದೇನು ಡ್ರೈಕ್ಲೀನಿಂಗ್ ಅಂಗಡೀನೋ ನಿಮ್ಮ ಮಾವನ ಗೋಡೌನೋ?" ಕೋಪ ಮೂಗಿನ ತುದಿಯಲ್ಲಿರುತ್ತದೆ ಅನ್ನುತ್ತಾರೆ. ಅವಳದು ಮೂಗಿಗಿಂತ ಒಂದು ಗೇಣು ಮುಂದೆಯೇ ಇತ್ತು. ಅವಳು ಬಂದು ನಿಲ್ಲುವ ಮೊದಲು ಅದು ಬಂದು ನಿಂತಿರುತ್ತಿತ್ತು. ಬೀದಿಯವರು ಎದುರಿಗೆ ಅಕ್ಕ ಅನ್ನುತ್ತಿದ್ದರು, ಬೆನ್ನ ಹಿಂದೆ ಕೆಂಡಕ್ಕ.

ಇಷ್ಟಾದರೂ ಗಿರಾಕಿಗಳು ಬರುವುದನ್ನು ಬಿಟ್ಟಿರಲಿಲ್ಲ. ಬಿಡುವುದಾದರೂ ಹೇಗೆ? ಅವಳು ಇಸ್ತ್ರಿ ಮಾಡಿದ ಪ್ಯಾಂಟಿನ ಗೆರೆ ವಾರವಾದರೂ ಮುರಿಯುತ್ತಿರಲಿಲ್ಲ. ಅವಳ ತಮ್ಮನ ಕೈಗೆ ಸಿಕ್ಕ ಕಲೆ ಉಳಿಯುತ್ತಿರಲಿಲ್ಲ. ಮುಂಗಟ್ಟೆಯ ಹಿಂದೆ ಅವಳ ಇಸ್ತ್ರಿ ಮೇಜು, ಅದರ ಹಿಂದೆ ನೇತುಹಾಕಿದ ಕೋಟುಗಳ ಸಾಲು, ಆ ಸಾಲು ಸರಿಸಿಕೊಂಡು ಒಳಗೆ ಹೋದರೆ ಕಿಟಕಿಯಿಲ್ಲದ ಒಂದು ಕೋಣೆ. ಅಲ್ಲಿ ತಮ್ಮ ಬಾಟಲಿಗಳನ್ನು ಸುತ್ತ ಇಟ್ಟುಕೊಂಡು, ಬಲ್ಬಿನ ಕೆಳಗೆ ಬಗ್ಗಿ, ಶಾಯಿ, ಎಣ್ಣೆ, ಬಣ್ಣ, ರಕ್ತ ಎಲ್ಲವನ್ನೂ ಬಟ್ಟೆಗೆ ನೋವಾಗದಂತೆ ಎಬ್ಬಿಸುತ್ತಿದ್ದ. ಬೀದಿಯವರು ಅವನಿಗೆ ಕಲೆಗಾರ ಎಂದು ಹೆಸರಿಟ್ಟಿದ್ದರು. ಮೆತ್ತನೆಯ ಮನುಷ್ಯ. ಮನೆಯ ಪಾಲಿನ ಮಾತನ್ನೆಲ್ಲ ಅಕ್ಕನೇ ಆಡಿ ಮುಗಿಸಿದ್ದರಿಂದ ಅವನ ಪಾಲಿಗೆ "ಹೂಂ" ಒಂದು ಉಳಿದಿತ್ತು.

ಇವರಿಬ್ಬರ ನಡುವೆ ಹತ್ತಿ. ಹತ್ತಿ ಅಂದರೆ ಬೆಕ್ಕು. ಅಷ್ಟು ಬಿಳಿ, ಅಷ್ಟು ಮೆತ್ತಗೆ, ಬೇರೆ ಹೆಸರು ಹೊಳೆಯಲಿಲ್ಲ. ಅಂಗಡಿ ಬಾಗಿಲು ತೆಗೆಯುವ ಮೊದಲು ದಿನಾ ಅದರ ಶುಚಿಯ ಕೆಲಸ ಆಗಬೇಕು. ಆಮೇಲೆಯೇ ಲೋಕದ ಕೊಳೆ. ಅಕ್ಕ ಇಸ್ತ್ರಿ ಮೇಜಿನ ಮೇಲೆ ಹಳೆಯ ಕಂಬಳಿ ಹಾಸುತ್ತಿದ್ದಳು. ಹತ್ತಿ ತಾನಾಗಿ ಹಾರಿ ಬಂದು ಕೂರುತ್ತಿತ್ತು. ಮೊದಲು ಸಣ್ಣ ಹಲ್ಲಿನ ಬಾಚಣಿಗೆ, ಕೂದಲು ಮಲಗಿದ ದಿಕ್ಕಿಗೇ, ಕುತ್ತಿಗೆಯಿಂದ ಬಾಲದ ಕಡೆಗೆ. ಕಂಕುಳಲ್ಲಿ ಗಂಟು ಸಿಕ್ಕರೆ ಬುಡವನ್ನು ಎರಡು ಬೆರಳಲ್ಲಿ ಹಿಡಿದು, ಚರ್ಮ ಜಗ್ಗದಂತೆ, ತುದಿಯಿಂದ ಒಂದೊಂದೇ ಎಳೆ ಬಿಡಿಸುವುದು. ಆಮೇಲೆ ಹತ್ತಿಬಟ್ಟೆಯ ತುಂಡೊಂದನ್ನು ಉಗುರುಬೆಚ್ಚನೆ ನೀರಲ್ಲಿ ಅದ್ದಿ, ಹಿಂಡಿ, ಮತ್ತೆ ಹಿಂಡಿ, ಇನ್ನು ಹನಿ ಬರುವುದಿಲ್ಲ ಅನ್ನುವಾಗ ಇನ್ನೊಮ್ಮೆ ಹಿಂಡಿ, ಕಣ್ಣಿನ ಮೂಲೆ, ಗಲ್ಲ, ಪಾದದ ಸಂದು. ಕೊನೆಗೆ ಉಣ್ಣೆ ಕೋಟು ಉಜ್ಜುವ ಮೆತ್ತನೆಯ ಬ್ರಷ್ಷು. ಆ ಹೊತ್ತಿನಲ್ಲಿ ಅವಳ ಗಂಟಲು ಬೇರೆಯೇ ಆಗಿರುತ್ತಿತ್ತು. "ಅಯ್ಯೋ ನನ್ನ ಬಂಗಾರಾ, ನನ್ನ ಬೆಣ್ಣೆಮುದ್ದೆ" ಎಂದು ಅವಳು ಅನ್ನುವುದನ್ನು ಗಿರಾಕಿಗಳು ಕೇಳಿದ್ದರೆ ಅಂಗಡಿ ತಪ್ಪಿತೆಂದು ಹೊರಗೆ ಹೋಗಿ ಬೋರ್ಡು ನೋಡಿ ಬರುತ್ತಿದ್ದರು.

"ಉಣ್ಣೆ ಕೋಟಿಗೇ ನಾವು ನೀರು ಮುಟ್ಟಿಸಲ್ಲ. ಜೀವ ಇರೋ ಉಣ್ಣೆಗೆ ಮುಟ್ಟಿಸ್ತೀವಾ?" ಎಂದು ಅವಳು ಹೇಳುತ್ತಿದ್ದಳು. "ಅದರ ನಾಲಿಗೇಲೇ ಬ್ರಷ್ಷಿದೆ, ಅದರ ಬಾಯಲ್ಲೇ ಸೋಪಿದೆ. ನಾವು ಕೈಯಾಸರೆ ಕೊಟ್ರೆ ಸಾಕು."

ಈ ಮಾತು ಜಾಣತನದಿಂದ ಹುಟ್ಟಿದ್ದಲ್ಲ, ಹೊಟ್ಟೆಯ ಸಂಕಟದಿಂದ ಹುಟ್ಟಿದ್ದು. ಅವಳಿಗೆ ಹಿಂದೆ ಒಂದು ಗಂಡನ ಮನೆ ಇತ್ತು. ಆ ಮನೆಯಲ್ಲಿ ಅತ್ತೆಯ ಮಾತಿಗೆ ಎದುರಿರಲಿಲ್ಲ. ಅವಳು ಬೀದಿಯಿಂದ ಎತ್ತಿ ತಂದು ಸಾಕಿದ್ದ ಬೆಕ್ಕಿನ ಮರಿಯೊಂದನ್ನು, ಹಾಸಿಗೆ ಹೊಲಸು ಮಾಡಿತೆಂದು, ಅತ್ತೆ ಚಳಿಗಾಲದ ಬೆಳಿಗ್ಗೆ ತಣ್ಣೀರಿನ ತೊಟ್ಟಿಯಲ್ಲಿ ಮುಳುಗಿಸಿ, ಉಜ್ಜಿ, ಮತ್ತೆ ಮುಳುಗಿಸಿ ಅಂಗಳಕ್ಕೆ ಬಿಟ್ಟಳು. ಅಕ್ಕ ಅಡುಗೆಮನೆ ಬಾಗಿಲಲ್ಲಿ ಹಾಲಿನ ಬಟ್ಟಲು ಹಿಡಿದು ನಿಂತಿದ್ದಳು. ಬೇಡ ಅನ್ನಬೇಕೆಂದು ಬಾಯಿ ತೆರೆದಳು, ಮಾತು ಬರಲಿಲ್ಲ. ಮರಿ ಸಂಜೆಯವರೆಗೆ ನಡುಗಿತು, ಆಮೇಲೆ ನಡುಗುವುದನ್ನೂ ನಿಲ್ಲಿಸಿತು. ಆ ಮನೆ ಬಿಟ್ಟು ಬರಲು ಬೇರೆ ಕಾರಣಗಳೂ ಇದ್ದವು. ಆದರೆ ಅಪ್ಪನ ಕಾಲದ ಈ ಅಂಗಡಿಗೆ ಮರಳಿ ಬಂದು ಇಸ್ತ್ರಿಪೆಟ್ಟಿಗೆ ಹಿಡಿದ ಮೇಲೆ ಅವಳ ಬಾಯಿ ತೆರೆಯಿತು, ತೆರೆದದ್ದು ಮುಚ್ಚಲಿಲ್ಲ. ಅತ್ತೆಯ ಮುಂದೆ ಆಡದೆ ನುಂಗಿದ್ದನ್ನೆಲ್ಲ ಅವಳು ಊರಿನವರ ಮುಂದೆ ಆಡಿ ತೀರಿಸುತ್ತಿದ್ದಳು.

ಹತ್ತಿ ಮನೆಗೆ ಬಂದ ದಿನವೇ ಕಾನೂನು ಜಾರಿಯಾಗಿತ್ತು. ಅದಕ್ಕೆ ಯಾರೂ ನೀರು ಮುಟ್ಟಿಸಕೂಡದು. ಒಮ್ಮೆ ತಮ್ಮ ನೆಲ ಒರೆಸುವಾಗ ಬಕೆಟ್ಟು ಉರುಳಿ ಹತ್ತಿಯ ಬಾಲ ತೊಯ್ದಿತು. ಬಾಲವಷ್ಟೇ. ಅಕ್ಕ ಕೈಯಲ್ಲಿದ್ದ ಮರದ ಬ್ರಷ್ಷನ್ನು ಬೀಸಿ ಒಗೆದಳು. ಅದು ಅವನ ಕಿವಿ ಪಕ್ಕದಲ್ಲಿ ಹಾದು ಒಳಕೋಣೆಯ ಬಾಗಿಲಿಗೆ ಬಡಿಯಿತು. ಆ ಗುಳಿ ಬಾಗಿಲಲ್ಲಿ ಇನ್ನೂ ಇದೆ. "ಇನ್ನೊಂದು ಸಲ ಇದರ ಮೇಲೆ ನೀರು ಬಿದ್ರೆ ನೀನು ಈ ಮನೇಲಿ ಇರಲ್ಲ, ಇಲ್ಲಾ ನಾನಿರಲ್ಲ" ಅಂದಿದ್ದಳು. ತಮ್ಮ "ಹೂಂ" ಅಂದಿದ್ದ.

ಅದೊಂದು ದಿನ ದೊಡ್ಡ ಹೋಟೆಲಿನ ಪರದೆಗಳನ್ನು ಒಪ್ಪಿಸುವ ಕೆಲಸ ಬಂತು. ಪರದೆಗೆ ಮಡಿಕೆ ಕೂರಿಸುವುದು ಹೋಟೆಲಿನವರ ಕೈಯಲ್ಲಿ ಆಗುವಂಥದ್ದಲ್ಲವೆಂದು ಅಕ್ಕ ತಾನೇ ಹೋದಳು, ದಿನವಿಡೀ ಏಣಿಯ ಕೆಳಗೆ ನಿಂತು ಅಲ್ಲಿಯ ಆಳುಗಳ ಬೆವರಿಳಿಸಿದಳು, ಸಂಜೆ ಸೊಂಟ ಹಿಡಿದುಕೊಂಡು ಅಂಗಡಿಗೆ ಬಂದಳು. ಹತ್ತಿ ಮುಂಗಟ್ಟೆಯ ಮೇಲೆ ಕೂತು ಮೈ ನೆಕ್ಕಿಕೊಳ್ಳುತ್ತಿತ್ತು. ಅವಳು ನಿಂತು ನೋಡಿದಳು. ಬೆಕ್ಕು ಹೊಳೆಯುತ್ತಿತ್ತು. ದಿನಾ ಬಿಳಿಯೇ, ಆದರೆ ಇವತ್ತು ಹೊಸ ಬಟ್ಟೆಯ ಬಿಳಿ.

"ನೋಡೋ, ಹೇಗೆ ಹೊಳೀತಿದೆ! ದಿನಾ ಬಾಚೋದಕ್ಕೆ ಸಾರ್ಥಕ ಆಯ್ತು" ಎಂದಳು.

ಒಳಕೋಣೆಯಿಂದ "ಹೂಂ" ಎಂದು ಬಂತು. ತಮ್ಮ ತಲೆ ಎತ್ತಲಿಲ್ಲ. ಅವನು ತಲೆ ಎತ್ತದಿರುವುದು ಅವಳಿಗೆ ಹೊಸದೇನೂ ಅಲ್ಲ. ಹತ್ತಿಯನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡಳು. ಅದರ ಮೈಯಿಂದ ಅಂಗಡಿಯದೇ ವಾಸನೆ ಬಂತು, ಕಲೆ ತೆಗೆಯುವ ಬಿಳಿ ಪೆಟ್ರೋಲಿನದು. ಆದರೆ ಅದು ವಾಸನೆ ಎಂದು ಅವಳಿಗೆ ಅನಿಸುವ ಕಾಲ ಎಂದೋ ಮುಗಿದಿತ್ತು. ತೊಟ್ಟಿಲಲ್ಲಿ ಮಲಗಿದ್ದಾಗಿನಿಂದ ಆ ಗಾಳಿಯನ್ನೇ ಉಸಿರಾಡಿದ ಮೂಗು ಅವಳದು. ಹೊರಗಿನವರು ಬಾಗಿಲಲ್ಲೇ ಮೂಗು ಮುಚ್ಚಿಕೊಂಡರೆ ಅಕ್ಕನಿಗೆ ಅದೂ ಒಂದು ಸಿಟ್ಟು.

ಬೆಳಿಗ್ಗೆ ಕಂಬಳಿ ಹಾಸಿ ಕರೆದಳು. ಹತ್ತಿ ಬರಲಿಲ್ಲ. ಕೋಟುಗಳ ಸಾಲಿನ ಕೆಳಗೆ ಬಗ್ಗಿ ನೋಡಿದರೆ ಮೂಲೆಯಲ್ಲಿ ಮುದುರಿ ಕೂತಿದೆ, ಬಾಯಿಂದ ಜೊಲ್ಲು ಎಳೆಎಳೆಯಾಗಿ ಇಳಿಯುತ್ತಿದೆ. ಎತ್ತಿ ನೆಲಕ್ಕೆ ಬಿಟ್ಟರೆ ಹಿಂಗಾಲು ಒಂದು ಕಡೆಗೆ, ಮುಂಗಾಲು ಇನ್ನೊಂದು ಕಡೆಗೆ. ಹಾಲು ಮೂಸಲಿಲ್ಲ. ಉಸಿರು ಬೇಗಬೇಗ ಎಳೆಯುತ್ತಿತ್ತು. ಅಕ್ಕನ ಕೈಕಾಲು ತಣ್ಣಗಾದವು. ಮರುಗಳಿಗೆ ಆ ತಣುಪೆಲ್ಲ ಹೋಗಿ ಅವಳಿಗೆ ಗೊತ್ತಿದ್ದ ಬಿಸಿ ಬಂತು.

"ವಿಷ! ಯಾರೋ ವಿಷ ಹಾಕಿದ್ದಾರೆ!"

ತಮ್ಮ ಒಳಕೋಣೆಯ ಬಾಗಿಲಲ್ಲಿ ಬಂದು ನಿಂತಿದ್ದ. ಮುಖ ಸುಣ್ಣ ಬಳಿದಂತಾಗಿತ್ತು. "ಅಕ್ಕಾ, ಅದು... ನಿನ್ನೆ..."

"ನೀನು ಸುಮ್ನಿರು! ಯಾರು ಅಂತ ನಂಗೊತ್ತು."

"ಹಂಗಲ್ಲ ಅಕ್ಕಾ, ನಿಲ್ಲು ಒಂದ್ನಿಮಿಷ..."

"ಸುಮ್ನಿರು ಅಂದ್ನಲ್ಲ!" ಎಂದವಳೇ ಬೆಕ್ಕನ್ನು ಕಂಬಳಿಯಲ್ಲಿ ಸುತ್ತಿ ಅವನ ಕೈಗೆ ತುರುಕಿ ಬೀದಿಗೆ ಇಳಿದಳು.

ಪಕ್ಕದಲ್ಲೇ ಗ್ರೀಸಣ್ಣನ ಶೆಡ್ಡು. ಗ್ರೀಸಣ್ಣ ಅಂದರೆ ಕಾರು ರಿಪೇರಿಯವನು. ಅವನ ನಿಜವಾದ ಮೈಬಣ್ಣ ಯಾವುದೆಂದು ಅವನ ಹೆಂಡತಿಗೂ ನೆನಪಿರಲಿಲ್ಲವಂತೆ. ಹತ್ತಿ ಆಗಾಗ ಅವನ ಗಿರಾಕಿಗಳ ಕಾರಿನೊಳಗೆ ಹೋಗಿ ಸೀಟಿನ ಮೇಲೆ ಮಲಗಿ ಬರುತ್ತಿತ್ತು. "ನಿಮ್ಮ ಬೆಕ್ಕಿಗೆ ಒಂದಿನ ಗತಿ ಕಾಣಿಸ್ತೀನಿ" ಎಂದು ಅವನು ಯಾವಾಗಲೋ ನಗುತ್ತ ಹೇಳಿದ್ದ. ಆ ನಗು ಈಗ ಅಕ್ಕನಿಗೆ ನೆನಪಿರಲಿಲ್ಲ, ಮಾತು ನೆನಪಿತ್ತು.

"ಬಾರೋ ಹೊರಗೆ!" ಎಂದು ಅವಳು ಕೂಗಿದ್ದಕ್ಕೆ ಕಾರಿನ ಅಡಿಯಿಂದ ಮೊದಲು ಎರಡು ಕಾಲು, ಆಮೇಲೆ ಹೊಟ್ಟೆ, ಆಮೇಲೆ ಕಣ್ಣು ಬಿಟ್ಟುಕೊಂಡ ಮುಖ ಹೊರಬಂತು. "ಬಾಯಿಲ್ಲದ ಪ್ರಾಣಿ ಮೇಲೆ ಕೈ ಮಾಡ್ತೀಯಾ? ನಿನ್ನ ಮನೆ ಹಾಳಾಗ! ನಿನ್ನ ಸೀಟಿನ ಮೇಲೆ ಮಲಗಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಏನು ಹಾಕ್ದೆ ಹೇಳು, ಇಲಿ ಪಾಷಾಣ ಹಾಕಿದ್ಯಾ? ಹೇಳು, ಡಾಕ್ಟರಿಗೆ ಹೇಳ್ಬೇಕು!"

ಎದುರು ಮನೆಗಳ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಗ್ರೀಸಣ್ಣ ಎದ್ದು ನಿಂತು, ಒರೆಸುವ ಬಟ್ಟೆಯಿಂದ ಕೈ ಇನ್ನಷ್ಟು ಕಪ್ಪು ಮಾಡಿಕೊಳ್ಳುತ್ತ ಅವಳು ಉಸಿರು ತೆಗೆದುಕೊಳ್ಳುವ ಸಂದಿಗೆ ಕಾದ. ಅಂಥ ಸಂದು ಬೇಗ ಸಿಗಲಿಲ್ಲ.

"ಮುಗೀತಾ ಅಕ್ಕಾ? ಈಗ ನಾನು ಹೇಳ್ಲಾ?" ಎಂದ. "ನಿನ್ನೆ ನಿಮ್ಮ ಬೆಕ್ಕು ನನ್ನ ಹಳೇ ಆಯಿಲ್ ಟ್ರೇ ಒಳಗೆ ಬಿತ್ತು. ಅರ್ಧ ಮೈ ಕರಿ ಆಗ್ಬಿಟ್ಟಿತ್ತು. ನಾನೇ ಎತ್ಕೊಂಡು ಹೋಗಿ ನಿಮ್ಮ ತಮ್ಮನ ಕೈಗೆ ಕೊಟ್ಟೆ. ಬಿಸಿನೀರು, ಪಾತ್ರೆ ತೊಳೆಯೋ ಸೋಪು ಹಾಕಿ ಈಗ್ಲೇ ತೊಳಿ ಮಾರಾಯಾ, ನೆಕ್ಕಿದ್ರೆ ಕಷ್ಟ ಅಂತ ಹೇಳ್ದೆ. ಹೂಂ ಅಂದ. ತೊಳೀಲಿಲ್ವಾ?"

ಅಕ್ಕ ನಿಂತಲ್ಲೇ ನಿಂತಳು. ನಿನ್ನೆ ಸಂಜೆಯ ಹೊಳಪು ಕಣ್ಣಿಗೆ ಬಂತು. ಹೊಸ ಬಟ್ಟೆಯ ಬಿಳಿ. ಆ ಬಿಳಿ ಯಾವ ಬಾಟಲಿಯಿಂದ ಬರುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಬಾಯಿಗೆ ಬಂದಂತೆ ಬೈಸಿಕೊಂಡ ಮನುಷ್ಯನಿಗೆ ಒಂದು ಮಾತೂ ಹೇಳದೆ ತಿರುಗಿದಳು.

ತಮ್ಮ ಕಂಬಳಿಯ ಗಂಟನ್ನು ಎದೆಗವಚಿಕೊಂಡು ಮುಂಗಟ್ಟೆಯ ಹತ್ತಿರವೇ ನಿಂತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವುದಕ್ಕೂ ಅವನಿಗೆ ಕೈ ಬಿಡುವಿರಲಿಲ್ಲ.

"ಪೆಟ್ರೋಲ್ ಹಾಕಿದ್ಯಾ?"

"ಹೂಂ."

"ಜೀವ ಇರೋ ಪ್ರಾಣಿಗೆ? ಕೋಟಿಗೆ ಹಾಕಿದ ಹಾಗೆ?"

"ಸ್ವಲ್ಪಸ್ವಲ್ಪಾನೇ ಅಕ್ಕಾ. ಅರಿವೆ ಅದ್ದಿ, ಒತ್ತಿ ಒತ್ತಿ ತೆಗ್ದೆ. ಉಜ್ಜಲಿಲ್ಲ. ಆಮೇಲೆ ಪೌಡರ್ ಹಾಕಿ ಹೀರಿಸ್ದೆ. ಒಂದು ಕಲೇನೂ ಉಳೀಲಿಲ್ಲ..."

ಹೆಮ್ಮೆ! ಆ ಹೆದರಿಕೆಯ ನಡುವೆಯೂ ಕೊನೆಯ ಮಾತಿನಲ್ಲಿ ಕೆಲಸಗಾರನ ಒಂದು ಎಳೆ ಹೆಮ್ಮೆ ಇಣುಕಿತು. ಅಕ್ಕನಿಗೆ ತಲೆಯೊಳಗೆ ಏನೋ ಕಡಿದುಹೋಯಿತು. ಬೈದಳು. ಅವನು ಹುಟ್ಟಿದ ದಿನದಿಂದ ಹಿಡಿದು ಬೈದಳು. ಅವನ ಬುದ್ಧಿ, ಅವನ ಕೈ, ಅವನ ಬಾಟಲಿ, ಅವನ ಹೂಂ ಯಾವುದನ್ನೂ ಬಿಡಲಿಲ್ಲ. "ಬಟ್ಟೆ ತನ್ನ ಮೈ ತಾನು ನೆಕ್ಕುತ್ತೇನೋ, ಅಡ್ನಾಡಿ! ಅದರ ಮೈಮೇಲೆ ಹಾಕಿದ್ದೆಲ್ಲಾ ಅದರ ಹೊಟ್ಟೆಗೆ ಹೋಗುತ್ತೆ ಅಂತ ಗೊತ್ತಾಗ್ಲಿಲ್ವಾ? ರಾತ್ರಿಯೆಲ್ಲಾ ಅದು ನಿನ್ನ ಪೆಟ್ರೋಲ್ ಕುಡಿದಿದೆ, ನನ್ನ ಕಣ್ಮುಂದೆ ಕುಡಿದಿದೆ, ನಾನು ಹೊಳೀತಿದೆ ಅಂತ ಕುಣಿದೆ!" ಕಂಬಳಿಯೊಳಗೆ ಹತ್ತಿ ಒಮ್ಮೆ ಕೆಮ್ಮಿತು. ಇನ್ನೆಷ್ಟು ಹೊತ್ತು ಬೈಯುತ್ತಿದ್ದಳೋ, ಹೊರಗೆ ಹಾರನ್ನು ಕೂಗಿತು. ಗ್ರೀಸಣ್ಣ ಯಾವನೋ ಗಿರಾಕಿಯ ಬಾಗಿಲಿಲ್ಲದ ಕಾರನ್ನು ಅಂಗಡಿಯ ಮುಂದೆ ತಂದು ನಿಲ್ಲಿಸಿದ್ದ.

"ಬೈಯೋದು ಆಮೇಲೂ ಬೈಬಹುದು ಅಕ್ಕಾ, ಹತ್ತಿ" ಎಂದ. ಬೆಕ್ಕನ್ನು ಕರೆದನೋ ಕಾರು ಹತ್ತಲು ಹೇಳಿದನೋ ಎಂದು ಕೇಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಹತ್ತಿದರು.

ಪ್ರಾಣಿಗಳ ಡಾಕ್ಟರಮ್ಮ ವಯಸ್ಸಾದವಳು, ಕನ್ನಡಕವನ್ನು ತಲೆಯ ಮೇಲಿಟ್ಟುಕೊಂಡು ಹುಡುಕುವ ಪೈಕಿ. ಆದರೆ ಮೂಗು ಚುರುಕು. ಇವರು ಬಾಗಿಲು ದಾಟುವ ಮೊದಲೇ, "ಏನಿದು, ಪೆಟ್ರೋಲ್ ಬಂಕನ್ನೇ ಹೊತ್ಕೊಂಡು ಬಂದಿದೀರಾ?" ಎಂದಳು. ಕಂಬಳಿ ಬಿಚ್ಚಿ ಹೊಟ್ಟೆಯ ಕೂದಲನ್ನು ಬೆರಳಿಂದ ಬಿಡಿಸಿ ತೋರಿಸಿದಳು. ಮೇಲೆ ಬೆಣ್ಣೆಯಂಥ ಬಿಳಿ, ಬುಡದಲ್ಲಿ ಚರ್ಮ ಕೆಂಪಗೆ ಬೆಂದಿತ್ತು. ಇನ್ನೂ ಒಳಗೆ ಕಪ್ಪು ಎಣ್ಣೆ ಪೌಡರಿನ ಜೊತೆ ಸೇರಿ ಕೆಸರಾಗಿ ಅಂಟಿಕೊಂಡಿತ್ತು. ಅಕ್ಕ ಮುಖ ತಿರುಗಿಸಿದಳು.

"ಎದೆಗೂ ಸ್ವಲ್ಪ ಹೋಗಿದೆ. ಇಂಜೆಕ್ಷನ್ ಕೊಡ್ತೀನಿ, ಉಸಿರಿಗೆ ಗಾಳಿ ಕೊಡ್ತೀನಿ. ಆದ್ರೆ ಮೈಮೇಲಿರೋದು ಹೋಗದೆ ನಾನೇನು ಕೊಟ್ರೂ ಅಷ್ಟೇ, ಪ್ರತಿ ಸಲ ನೆಕ್ಕಿದಾಗ್ಲೂ ಮತ್ತೆ ವಿಷ" ಎಂದು ಡಾಕ್ಟರಮ್ಮ ಇಂಜೆಕ್ಷನ್ ಕೊಟ್ಟು, ಬೆಕ್ಕಿನ ಮೂಗಿನ ಹತ್ತಿರ ಗಾಳಿಯ ಕೊಳವೆ ಹಿಡಿದು ಸ್ವಲ್ಪ ಹೊತ್ತು ಕಾದಳು. ಉಸಿರು ಕೊಂಚ ನಿಧಾನವಾಯಿತು. "ಈಗ ತೊಳೀಬೇಕು. ಸೋಪು ಹಾಕಿ, ಬೆಚ್ಚಗಿನ ನೀರಲ್ಲಿ, ಬುಡದ ತನಕ. ಹಿಂದಿನ ರೂಮಲ್ಲಿ ತೊಟ್ಟಿ ಇದೆ. ನಿಮ್ಮ ಕೈ ಆದ್ರೆ ಅದಕ್ಕೆ ಹೆದರಿಕೆ ಕಡಿಮೆ, ಬನ್ನಿ."

"ನೀರಾ?" ಎಂದಳು ಅಕ್ಕ.

"ಇನ್ನೇನು, ಮತ್ತೆ ಪೆಟ್ರೋಲಾ?"

"ನೀರು ಬೇಡ. ನೀರು ಹಾಕಿದ್ರೆ ಅದು ಸಾಯುತ್ತೆ. ನಾನು ನೋಡಿದೀನಿ. ಒದ್ದೆಬಟ್ಟೇಲಿ ಒರೆಸ್ತೀನಿ, ಎಷ್ಟು ಹೊತ್ತಾದ್ರೂ ಒರೆಸ್ತೀನಿ..."

"ಒರೆಸಿದ್ರೆ ಎಣ್ಣೆ ಅಲ್ಲಿಂದಿಲ್ಲಿಗೆ ಹರಡುತ್ತೆ ಅಷ್ಟೇ. ದಿನಾ ಬಾಚೋದು, ಒರೆಸೋದು ಎಲ್ಲಾ ಸರಿ ತಾಯಿ, ನಿಮ್ಮ ಬೆಕ್ಕಿನ ಹಲ್ಲು, ಕಿವಿ, ಉಗುರು ನೋಡಿದ್ರೇ ಗೊತ್ತಾಗುತ್ತೆ ಎಷ್ಟು ಚೆನ್ನಾಗಿ ಇಟ್ಕೊಂಡಿದೀರ ಅಂತ. ಸುಮ್ಸುಮ್ನೆ ಬೆಕ್ಕಿಗೆ ಸ್ನಾನ ಬೇಡವೇ ಬೇಡ. ಆದ್ರೆ ಇವತ್ತು ಬೇಕು."

"ಆಗಲ್ಲ ಅಂದ್ರೆ ಆಗಲ್ಲ! ನನ್ನ ಬೆಕ್ಕು, ನಾನು ಹೇಳ್ದಂಗೆ..."

"ಅಕ್ಕಾ!"

ಯಾರು ಕೂಗಿದ್ದೆಂದು ಅಕ್ಕನಿಗೆ ಗೊತ್ತಾಗಲಿಲ್ಲ. ಗ್ರೀಸಣ್ಣನ ಕಡೆ ನೋಡಿದಳು. ಅವನು ತಮ್ಮನ ಕಡೆ ನೋಡುತ್ತಿದ್ದ. ತಮ್ಮನ ಕುತ್ತಿಗೆಯ ನರ ಉಬ್ಬಿತ್ತು, ಮುಖ ಇಷ್ಟು ವರ್ಷ ಅವಳು ಕಾಣದ ಬಣ್ಣಕ್ಕೆ ತಿರುಗಿತ್ತು.

"ನಿನ್ನೆ ನೀರು ಕಾಯಿಸಿದ್ದೆ ಕಣೇ! ಬಕೆಟ್ಟಿಗೆ ತುಂಬಿ, ಸೋಪು ಹಾಕಿ, ನೊರೆ ಎಬ್ಬಿಸಿ, ಇದನ್ನ ಕೈಯಲ್ಲಿ ಹಿಡ್ಕೊಂಡು ನಿಂತಿದ್ದೆ. ತೊಳೀಬೇಕು ಅಂತ ನಂಗೂ ಗೊತ್ತಿತ್ತು. ಆ ಬಾಗಿಲು ನೋಡ್ದೆ. ಆ ಗುಳಿ ನೋಡ್ದೆ. ಒದ್ದೆ ಆಗಿರೋ ಬೆಕ್ಕನ್ನ ನೀನು ಬಂದು ನೋಡಿದ್ರೆ ಏನಾಗುತ್ತೆ ಅಂತ ನೆನೆಸ್ಕೊಂಡೆ. ಆ ನೀರನ್ನ ಹಾಗೇ ಚರಂಡಿಗೆ ಚೆಲ್ಲಿ ಬಾಟಲಿ ತಗೊಂಡೆ. ಪೆಟ್ರೋಲಾದ್ರೆ ಒಣಗುತ್ತೆ, ನಿಂಗೆ ಗೊತ್ತಾಗಲ್ಲ ಅಂತ. ಬೆಕ್ಕಿಗೆ ಏನಾಗುತ್ತೆ ಅಂತ ನಾನು ಯೋಚಿಸ್ಲಿಲ್ಲ ಅಕ್ಕಾ, ನಿಜ. ನನಗೇನಾಗುತ್ತೆ ಅಂತ ಯೋಚಿಸ್ದೆ. ಬೆಳಿಗ್ಗೆ ಹೇಳೋಕೆ ಬಂದೆ, ನೀನು ಸುಮ್ನಿರು ಅಂದೆ. ಈಗ್ಲೂ ಸುಮ್ನಿರು ಅಂತೀಯಾ? ನಿಮ್ಮತ್ತೆ ಮುಂದೆ ಮಾತು ಬರ್ತಿರ್ಲಿಲ್ಲ ಅಂತ ಸಾವಿರ ಸಲ ಹೇಳಿದೀಯಲ್ಲಾ, ನನಗೆ ನಿನ್ನ ಮುಂದೆ ಬರಲ್ಲ!"

ಗ್ರೀಸಣ್ಣ ಗೋಡೆಯ ಮೇಲಿದ್ದ ನಾಯಿಗಳ ಪಟವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಅಕ್ಕನಿಗೆ ಸಿಟ್ಟು ಬಂತು. ಬಾರದೇ ಇರುತ್ತದೆಯೇ, ಅದೇನು ಹೇಳಿ ಕೇಳಿ ಬರುವ ನೆಂಟನೇ? ಬಂದು ನಿಂತಿತು. ಯಾರ ಮೇಲೆ ಹಾಕಲಿ ಎಂದು ಸುತ್ತ ನೋಡಿದಳು. ತಮ್ಮ, ಗ್ರೀಸಣ್ಣ, ಡಾಕ್ಟರಮ್ಮ, ಯಾರ ಹೆಗಲೂ ಅದಕ್ಕೆ ಸರಿಹೊಂದಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಬಟ್ಟಲು ಹಿಡಿದು ನಿಂತವಳೊಬ್ಬಳು ಕಣ್ಣಿಗೆ ಬಂದಳು. ಇಷ್ಟು ದಿನ ಆ ಬಾಗಿಲಲ್ಲಿ ತಾನು ನಿಂತಿದ್ದೇನೆ ಎಂದೇ ಅವಳು ತಿಳಿದಿದ್ದಳು. ತಾನು ಯಾವತ್ತೋ ಅಲ್ಲಿಂದ ಅಂಗಳಕ್ಕೆ, ತೊಟ್ಟಿಯ ಪಕ್ಕಕ್ಕೆ, ಅತ್ತೆ ನಿಂತಿದ್ದ ಜಾಗಕ್ಕೆ ಹೋಗಿ ನಿಂತಾಗಿತ್ತು. ಬಾಗಿಲಲ್ಲಿ ಈಗ ತಮ್ಮ ನಿಂತಿದ್ದ.

ಅವಳು ತೋಳು ಮಡಿಚಿದಳು. "ನೀರು ಎಲ್ಲಿದೆ?" ಎಂದಳು.

ಮೊದಲು ಅಡುಗೆ ಎಣ್ಣೆ ಸವರಿ ಕಪ್ಪನ್ನು ಸಡಿಲಿಸಿ ಒರೆಸಿದ್ದಾಯಿತು. ಆಮೇಲೆ ತೊಟ್ಟಿ. ಮೊಣಕೈ ಅದ್ದಿ ನೀರಿನ ಬಿಸಿ ನೋಡಿದಳು, ಸಾಲದೆಂದು ಇನ್ನೊಂದು ಮೊಣಕೈಯನ್ನೂ ಅದ್ದಿ ನೋಡಿದಳು. ಹತ್ತಿ ನೀರು ಕಂಡದ್ದೇ ಇದ್ದಬದ್ದ ಬಲವನ್ನೆಲ್ಲ ಉಗುರಿಗೆ ತಂದುಕೊಂಡು ಅವಳ ಮುಂಗೈಯನ್ನು ಉದ್ದಕ್ಕೆ ಗೀರಿತು. ಅವಳು ಕೈ ತೆಗೆಯಲಿಲ್ಲ. "ಆಯ್ತು ನನ್ನ ಬಂಗಾರಾ, ಬೈಯಿ, ಎಷ್ಟು ಬೇಕಾದ್ರೂ ಬೈಯಿ" ಎಂದಳು. ತಮ್ಮ ತಂಬಿಗೆಯಲ್ಲಿ ನೀರು ಹಿಡಿದು ಸಣ್ಣಗೆ ಬಿಡುತ್ತಿದ್ದ. ಬುಡಕ್ಕೆ ಬೆರಳು ಹೋಗುವುದು, ನೊರೆ, ನೀರು, ಮತ್ತೆ ನೊರೆ. ಕಪ್ಪು ನೀರು ಬೂದಿಯಾಯಿತು, ಬೂದಿ ನೀರು ತಿಳಿಯಾಯಿತು. ನೆಂದ ಹತ್ತಿ ಮುಷ್ಟಿಯಷ್ಟೇ ಇತ್ತು. ಆ ಬಿಳಿ, ಆ ಠೀವಿ, ಎಲ್ಲ ಬರೀ ಕೂದಲು. ಒಳಗಿದ್ದದ್ದು ಹೆದರಿದ ಒಂದು ಪುಟ್ಟ ಜೀವ. ಅಕ್ಕ ಅತ್ತಳು. ಮುಚ್ಚಿಟ್ಟುಕೊಳ್ಳದೆ, ಮೂಗು ಸುರಿಸಿಕೊಂಡು ಅತ್ತಳು.

ಬೆಕ್ಕನ್ನು ನೀರಿಂದೆತ್ತಿ ಎದೆಗಿಟ್ಟುಕೊಂಡು ಟವೆಲ್ಲಿಗಾಗಿ ತಿರುಗಿದಳು. ಟವೆಲ್ಲು ತಮ್ಮನ ಹೆಗಲ ಮೇಲಿತ್ತು. ಅವಳು ಕೈ ಎತ್ತಿದಳು.

ತಮ್ಮ ಕಣ್ಣು ಮುಚ್ಚಿ, ಕಿವಿಯ ಪಕ್ಕಕ್ಕೆ ಮೊಣಕೈ ತಂದು ತಲೆ ತಗ್ಗಿಸಿದ.

ಅವಳ ಕೈ ಅಲ್ಲೇ ನಿಂತಿತು. ಹತ್ತಿಯ ಮೈಯಿಂದ ನೀರು ಇಳಿದು ಇಬ್ಬರ ಕಾಲ ನಡುವೆ ಹರಿಯಿತು. ಅವನು ಕಣ್ಣು ತೆರೆಯುವವರೆಗೆ ಅವಳು ಕಾದಳು. ಆಮೇಲೆ, "ಟವೆಲ್ ಕೊಡೋ" ಎಂದಳು. ಅವಳ ಗಂಟಲಿಂದ ಅಷ್ಟು ಸಣ್ಣ ದನಿ ಬಂದದ್ದನ್ನು ಈ ಮೊದಲು ಬೆಕ್ಕೊಂದೇ ಕೇಳಿದ್ದು. ತಮ್ಮನಿಗೆ ಅದು ಹೊಸದು.

ಹತ್ತಿ ಉಳಿಯಿತು. ಆ ದಿನ ಅಲ್ಲ, ಆ ದಿನ ಯಾರೂ ಏನೂ ಹೇಳುವಂತಿರಲಿಲ್ಲ. ಡಾಕ್ಟರಮ್ಮ ನೆಕ್ಕಿಕೊಳ್ಳದಂತೆ ಕುತ್ತಿಗೆಗೆ ಅಗಲವಾದ ಪಟ್ಟಿ ಕಟ್ಟಿ, ಬೆಚ್ಚಗಿಡಿ ಎಂದು ಕಳಿಸಿದಳು. ಅಂಗಡಿ ತೆರೆಯಲಿಲ್ಲ. ಒಳಕೋಣೆಯ ಬಾಟಲಿಗಳಿಗೆಲ್ಲ ತಮ್ಮ ಬಿರಡೆ ಬಿಗಿದ. ಅಂಗಡಿಯ ಮೇಲಿದ್ದ ಮನೆಯಲ್ಲಿ ಕಿಟಕಿ ತೆರೆದಿಟ್ಟು ಇಬ್ಬರೂ ಬೆಕ್ಕನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡರು. ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ಹತ್ತಿ ಬಟ್ಟಲಿನ ಹಾಲನ್ನು ತಳ ಕಾಣುವವರೆಗೆ ನೆಕ್ಕಿ, ಕೆಳಗಿಳಿದು ಹೋಗಿ, ಇಸ್ತ್ರಿ ಮೇಜಿನ ಮೇಲೆ ಹಾರಿ ಕೂತು, ಎಲ್ಲಿ ಕಂಬಳಿ ಎಂಬಂತೆ ನೋಡಿತು.

ಅಕ್ಕ ಕಂಬಳಿ ಹಾಸಿದಳು. ಬಾಚಣಿಗೆ ತೆಗೆದುಕೊಂಡಳು. ಆ ದಿನ ಗ್ರೀಸಣ್ಣನ ಶೆಡ್ಡಿಗೆ ಹೋಗಿ ತಪ್ಪಾಯ್ತು ಎಂದು ಒಂದು ಮಾತು ಹೇಳಿಬರಬೇಕು ಎಂಬುದೊಂದು ಕೆಲಸವಿತ್ತು, ಅದು ಅವಳಿಗೆ ಬೆಟ್ಟ ಹೊರುವಷ್ಟು ಭಾರವಾಗಿ ಕಾಣುತ್ತಿತ್ತು. ಅದಕ್ಕಿಂತ ಭಾರದ್ದು ಇನ್ನೊಂದಿತ್ತು.

"ಬಾರೋ, ಹಿಡ್ಕೋ ಇದನ್ನ" ಎಂದು ಒಳಗೆ ಕೂಗಿದಳು.

ತಮ್ಮ ಬಂದು ಹತ್ತಿಯ ಹೆಗಲನ್ನು ಮೆಲ್ಲಗೆ ಹಿಡಿದ. ಇಷ್ಟು ವರ್ಷದಲ್ಲಿ ಅವಳು ಈ ಕೆಲಸಕ್ಕೆ ಅವನನ್ನು ಕರೆದದ್ದು ಇದೇ ಮೊದಲು. ಅವಳು ಉದುರಿ ಹೊಸದಾಗಿ ಹುಟ್ಟುತ್ತಿದ್ದ ಹೊಟ್ಟೆಯ ಕೂದಲನ್ನು ಬಿಟ್ಟು ಬೆನ್ನನ್ನು ಬಾಚಿದಳು. ಬಟ್ಟೆ ಹಿಂಡಿ ಕಣ್ಣಿನ ಮೂಲೆ ಒರೆಸಿದಳು. ಬ್ರಷ್ಷು ಎತ್ತಿಕೊಂಡವಳು ಅದನ್ನು ಹಿಡಿದುಕೊಂಡೇ ಕೇಳಿದಳು.

"ಇನ್ನೂ ಏನೇನು ಮುಚ್ಚಿಟ್ಟಿದೀಯ ನನ್ನ ಹತ್ರ?"

ದನಿ ಒರಟಾಗಿಯೇ ಬಂತು. ಮನುಷ್ಯರಿಗೆಂದು ಅವಳ ಹತ್ತಿರ ರೂಢಿಯಲ್ಲಿದ್ದದ್ದು ಅದೊಂದೇ.

"ಬೈಯಲ್ಲ" ಎಂದಳು. ಸುಳ್ಳು ಹೇಳಿದೆನೆಂದು ಅವಳಿಗೇ ಅನಿಸಿತು. "ಬೈದ್ರೂ, ಪೂರ್ತಿ ಕೇಳಿದ ಮೇಲೆ ಬೈತೀನಿ."

ತಮ್ಮ ಅವಳ ಮುಖ ನೋಡಿದ. ಬಾಗಿಲ ಗುಳಿ ನೋಡಿದ. ಅವಳ ಕೈಯಲ್ಲಿದ್ದ ಬ್ರಷ್ಷು ನೋಡಿದ. ಅಕ್ಕ ಬ್ರಷ್ಷನ್ನು ಮೇಜಿನ ಮೇಲಿಟ್ಟು, ತನ್ನ ಕೈಗೆ ಎಟುಕದಷ್ಟು ದೂರಕ್ಕೆ ಅವನ ಕಡೆಗೆ ತಳ್ಳಿದಳು.

ತಮ್ಮ ಸ್ಟೂಲು ಎಳೆದುಕೊಂಡು ಕೂತ.

"ಎಲ್ಲಿಂದ ಶುರು ಮಾಡ್ಲಿ ಅಕ್ಕಾ?" ಎಂದ.